ಹಳೇ ಉಣ್ಣೆ ಸ್ವೆಟರ್ ತಗೋರಿ, ತಣ್ಣೀರಾಗ ನೀವ ತೊಳೀರಿ

1/4
ಚಳಿ ಶುರು ಆತು. ಸೈಕಲ್ ಮ್ಯಾಲೆ ಕಾಲೇಜಿಗೆ ಬರೋ ದೋಸ್ತರೆಲ್ಲ ಒಂದ ಪ್ರಶ್ನೆ ಕೇಳ್ತಾರ: "ಯಾವ ಸೈಕ್ಲಿಂಗ್ ಜಾಕೆಟ್ ತಗೋಬೇಕು?" ನನ್ನ ಉತ್ತರ: ಯಾವುದೂ ಬ್ಯಾಡ. ಸಂತೆಯೊಳಗ ರಾಶಿ ಹಾಕಿ ಮಾರೋ ಹಳೇ ಸ್ವೆಟರ್‌ಗಳಾಗ ಒಂದು ತೆಳ್ಳನೆಯ ಉಣ್ಣೆ ಸ್ವೆಟರ್ ಹುಡುಕ್ರಿ. ಮೆರಿನೊ ಸಿಕ್ಕರ ನಿಮ್ಮ ನಸೀಬು.

ಯಾಕ ಅಂತ ಕೇಳ್ರಿ. ಗೋಕಾಕದಿಂದ ಫಾಲ್ಸ್ ಕಡೆ ಏರು ಹತ್ತುವಾಗ ಬೆವರು ಸುರೀತದ. ವಾಪಸ್ ಇಳಿಯುವಾಗ ಅದೇ ಬೆವರಿಗೆ ಗಾಳಿ ಬಡಿದು ಎದಿ ನಡುಗ್ತದ. ಮೂಡಲಗಿ ಕಡೆ ಕಾಲುವೆ ದಂಡಿಗೆ ಬರೋರಿಗೆ ಮಂಜು, ಹುಕ್ಕೇರಿ ಕಡೆ ಹಿಡಕಲ್ ಡ್ಯಾಮ್ ಹತ್ತಿರದವರಿಗೆ ನೀರಿನ ಮ್ಯಾಲಿಂದ ಬರೋ ಗಾಳಿ. ಹೆಸರಾದ ಹತ್ತಿ ಗಿರಣಿ ಊರಿನವರು ನಾವು, ಆದ್ರೂ ಹೇಳ್ತೀನಿ: ಇದಕ್ಕ ಹತ್ತಿ ಬಟ್ಟೆ ಉಪಯೋಗಿಲ್ಲ. ಹತ್ತಿ ಬೆವರು ಕುಡಿದು ಹಸಿಯಾಗಿ ಮೈಗೆ ಅಂಟ್ಕೊಂಡು ಕೂಡ್ತದ. ನೈಲಾನ್ ಜಾಕೆಟ್ ಬೆವರನ್ನ ಹೊರಗ ಬಿಡೋದ ಇಲ್ಲ. ಉಣ್ಣೆ ಎಳೆ ಮಾತ್ರ ತನ್ನ ತೂಕದ ಸುಮಾರು 30% ತೇವವನ್ನ ಒಳಗ ಇಟ್ಕೊಂಡರೂ ಮುಟ್ಟಿದರ ಹಸಿ ಅನ್ನಿಸಲ್ಲ. ನಾಲ್ಕು ದಿನ ಹಾಕಿದರೂ ಪಾಲಿಯೆಸ್ಟರ್‌ನಂಗ ನಾರಲ್ಲ. 1919ರಲ್ಲಿ ಟೂರ್ ಡಿ ಫ್ರಾನ್ಸ್‌ನಾಗ ಮೊದಲ ಸಲ ಹಳದಿ ಜರ್ಸಿ ಕೊಟ್ಟಾಗ ಅದೂ ಉಣ್ಣೆಯದ್ದೇ.

ಒಂದು ನ್ಯಾಯದ ಮಾತು: ಪಾಲಿಯೆಸ್ಟರ್ ಬೇಗ ಒಣಗ್ತದ, ತೊಳಿಯೋದು ಸಸಾರ. ಜೋರು ಮಳಿಗೆ ಉಣ್ಣೆ ಸಾಲಲ್ಲ, ಮ್ಯಾಲೆ ರೇನ್‌ಕೋಟ್ ಬೇಕ ಬೇಕು.

2/4
"ಹಂಗಾದ್ರ ನಮ್ಮ ಕಂಬಳಿ ಯಾಕ ಬ್ಯಾಡ?" ಒಳ್ಳೇ ಪ್ರಶ್ನೆ. ಉಣ್ಣೆಯ ಗುಣ ನಮಗ ವಿದೇಶಿ ಕಂಪನಿ ಕಲಿಸಬೇಕಾಗಿಲ್ಲ. ಹುಣಸೆ ಬೀಜದ ಗಂಜಿ ಹಾಕಿ ನೇಯ್ದ ಕರಿ ಕಂಬಳಿಯನ್ನ ಕೊಪ್ಪೆ ಮಾಡಿ ತಲಿಮ್ಯಾಲೆ ಹಾಕ್ಕೊಂಡು ನಮ್ಮ ಕುರಿಗಾರರು ಮಳಿ, ಚಳಿ ಎರಡನ್ನೂ ಕಳೆದವರು.

ಆದರ ಕುರಿ ಬ್ಯಾರೆ, ಎಳೆ ಬ್ಯಾರೆ. ನಮ್ಮ ದಖ್ಖನಿ ಕುರಿ ಉಣ್ಣೆ ದಪ್ಪ, ಗಟ್ಟಿ. ಕಂಬಳಿಗೆ ಭೇಷ್, ಬರೀ ಮೈಗೆ ಚುಚ್ತದ. ಮೆರಿನೊ ಎಳೆ ಸಾಮಾನ್ಯವಾಗಿ 24 ಮೈಕ್ರಾನ್‌ಗಿಂತ ಸಣ್ಣದು, ನಮ್ಮ ತಲಿಗೂದಲಿನ ಅರ್ಧಕ್ಕಿಂತ ಕಡಿಮಿ. ಅಷ್ಟು ಸಣ್ಣ ಎಳೆ ಚರ್ಮಕ್ಕ ತಾಗಿದರ ಚುಚ್ಚೋದಕ್ಕಿಂತ ಮೊದಲು ಬಾಗ್ತದ. ವ್ಯತ್ಯಾಸ ಇಷ್ಟ. ಆದ್ದರಿಂದ ಮೈಮ್ಯಾಲೆ ಮೆರಿನೊ ಇರಲಿ, ಮನಿಯಾಗಿನ ಕಂಬಳಿ ಹಾಸಿಗಿ ಮ್ಯಾಲೆ ಇರಲಿ. ಅಜ್ಜನ ಕಂಬಳಿ ಹೊರಗ ಒಗೀಬ್ಯಾಡ್ರಿ.

3/4
ಆರಿಸೋದು ಹೆಂಗ?

ಮೊದಲು ಒಳಗಿನ ಲೇಬಲ್ ಓದ್ರಿ. "ಮೆರಿನೊ", "ಪ್ಯೂರ್ ನ್ಯೂ ವೂಲ್", "100% ವೂಲ್" ಅಂತ ಇದ್ದರ ತಗೋರಿ. ನೂಲಿನ ಉಂಡಿ ಹಂಗ ಕಾಣೋ ವೂಲ್‌ಮಾರ್ಕ್ ಗುರುತು 1964ರಿಂದ ಐತಿ, ಅದನ್ನೂ ನೋಡ್ರಿ. "ಅಕ್ರಿಲಿಕ್" ಅಂದ್ರ ಅದು ಪ್ಲಾಸ್ಟಿಕ್ಕಿನ ಅಣ್ಣತಮ್ಮ. ಹೊಸಾದು, ಬಣ್ಣಬಣ್ಣದ್ದು, ಮೆತ್ತಗಿರೋದು ಎಲ್ಲ ಉಣ್ಣೆ ಅಲ್ಲ.

ಅಂಗೈಯಾಗ ಮುಟ್ಟಿ ನಿರ್ಧಾರ ಮಾಡಬ್ಯಾಡ್ರಿ, ಅಂಗೈ ಚರ್ಮ ದಪ್ಪ. ಕುತ್ತಿಗಿಗೆ ತಿಕ್ಕಿ ನೋಡ್ರಿ. ಬೆಳಕಿಗೆ ಹಿಡಿದು ನುಸಿ ತಿಂದ ತೂತು ಹುಡುಕ್ರಿ; ಒಂದೆರಡು ಸಣ್ಣ ತೂತು ಇದ್ದರ ಸೂಜಿ ದಾರ ಸಾಕು, ಆ ನೆಪದಾಗ ಚೌಕಾಸಿನೂ ಮಾಡ್ರಿ. ಬೆನ್ನು ಉದ್ದ ಇರಲಿ, ಬಗ್ಗಿ ತುಳಿಯುವಾಗ ಸೊಂಟ ಬಯಲಾಗಬಾರದು. ಮುಂದ ಗುಂಡಿ ಇದ್ದರ ಏರಿನಾಗ ಬಿಚ್ಚಬಹುದು.

ಲೇಬಲ್ ಹರಿದಿದ್ದರ? ತಗೊಂಡ ಮ್ಯಾಲೆ ಒಳಹೊಲಿಗಿಯಿಂದ ಒಂದು ಎಳೆ ಕಿತ್ತು, ಇಕ್ಕಳದಾಗ ಹಿಡಿದು ಸುಡ್ರಿ. ಕೂದಲು ಸುಟ್ಟ ವಾಸನಿ ಬಂದು, ಬೂದಿ ಬೆರಳಿಗೆ ಪುಡಿಯಾದರ ಉಣ್ಣೆ. ಕರಗಿ ಗಟ್ಟಿ ಮಣಿ ಆದರ ಅಕ್ರಿಲಿಕ್.

ಇನ್ನೊಂದು: ಕಡುಬಣ್ಣದ ಸ್ವೆಟರ್ ನಸುಕಿನಾಗ ಯಾರಿಗೂ ಕಾಣಲ್ಲ. ಕಬ್ಬಿನ ಸೀಸನ್ನಾಗ ಟ್ರ್ಯಾಕ್ಟರ್ ಟ್ರೇಲರ್‌ಗಳ ನಡುವ ಹೋಗೋರು ನೀವು. ಬೆನ್ನಿಗೆ ಹೊಳೆಯೋ ಪಟ್ಟಿ ಹಚ್ಚದ ರಸ್ತೆಗೆ ಇಳೀಬ್ಯಾಡ್ರಿ.

4/4
ಈಗ ತೊಳಿಯೋದು. ಒಳ್ಳೇ ಸ್ವೆಟರ್ ಹಾಳಾಗೋದು ರಸ್ತಿಮ್ಯಾಲೆ ಅಲ್ಲ, ಬಚ್ಚಲದಾಗ. ಉಣ್ಣೆ ಎಳೆ ಮ್ಯಾಲೆ ಮೀನಿನ ಹುರುಪೆ ಹಂಗ ಪದರ ಇರ್ತಾವ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಕೂಡಿದರ ಆ ಪದರ ಒಂದಕ್ಕೊಂದು ಸಿಕ್ಕಿಕೊಂಡು ಸ್ವೆಟರ್ ಕುಗ್ತದ. ಒಮ್ಮಿ ಹಂಗಾದರ ತಿರುಗಿ ಮೊದಲಿನಂಗ ಆಗಲ್ಲ. ಹಂಡೇದ ನೀರು, ಬ್ರಷ್, ಬಟ್ಟೆ ಒಗಿಯೋ ಕಲ್ಲು ಮೂರೂ ಬ್ಯಾಡ. ಬ್ಲೀಚ್ ಅಂತೂ ಉಣ್ಣೆಯನ್ನ ಕರಗಿಸೇ ಬಿಡ್ತದ. ಬಟ್ಟೆ ಸೋಪಿನ ಖಾರಾನೂ ಅದಕ್ಕ ಆಗಲ್ಲ. ಉಣ್ಣೆ ಅಂದ್ರ ಕೂದಲು. ಕೂದಲಿಗೆ ಹಾಕೋದನ್ನ ಇದಕ್ಕೂ ಹಾಕ್ರಿ. ಒಂದು ಬಕೆಟ್ ತಣ್ಣೀರು, ಒಂದು ಶಾಂಪೂ ಪಾಕೀಟು. ಹತ್ತು ನಿಮಿಷ ನೆನೆಸಿ, ಮೆತ್ತಗ ಒತ್ತಿ, ತಣ್ಣೀರಾಗ ಎರಡು ಸಲ ಅದ್ದಿ ತೆಗೀರಿ. ಹಿಂಡಬ್ಯಾಡ್ರಿ, ಟವೆಲ್‌ನಾಗ ಸುತ್ತಿ ಒತ್ರಿ. ಹಗ್ಗಕ್ಕ ತೂಗಹಾಕಿದರ ನೀರಿನ ಭಾರಕ್ಕ ಉದ್ದ ಆಗ್ತದ. ಹೊರಸಿನ ಮ್ಯಾಲೆ ನೆರಳಾಗ ಹರವ್ರಿ.

ದಿನಾ ತೊಳಿಯೋದೂ ಬ್ಯಾಡ. ರಾತ್ರಿ ಗಾಳಿಗೆ ಹಾಕಿದರ ಬೆಳಿಗ್ಗೆ ತಾಜಾ. ಎಂಟ್ಹತ್ತು ಸವಾರಿಗೆ ಒಮ್ಮಿ ತೊಳಿದರ ಸಾಕು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದ ಮ್ಯಾಲೆ ಒಮ್ಮಿ ತೊಳಿದು, ಪೂರಾ ಒಣಗಿಸಿ ಇಡ್ರಿ. ಬೆವರಿನ ಬಟ್ಟೆ ಕಂಡರ ನುಸಿಗೆ ಹಬ್ಬ. ಮತ್ತ ಇದನ್ನ ಅವ್ವನ ಕೈಗೆ ಒಗೀಲಿಕ್ಕೆ ಕೊಟ್ಟು, ಕುಗ್ಗಿದಾಗ ಅವ್ವಗ ಬೈಯೋದು ನಡಿಯಂಗಿಲ್ಲ. ನಿಮ್ಮ ಬೆವರು, ನೀವ ತೊಳೀರಿ.

ಕಡೀ ಮಾತು, ಇದಕ್ಕಾಗಿ ಇಷ್ಟೆಲ್ಲ ಬರೆದದ್ದು. "ಯಾರೋ ಹಾಕಿ ಬಿಟ್ಟದ್ದು" ಅಂತ ಕ್ಲಾಸಿನಾಗ ನಗ್ತಾರ ಅನ್ನೋ ಹೆದರಿಕಿಗೆ ಎಷ್ಟೋ ಮಂದಿ ಬರೀ ಶರ್ಟ್‌ನಾಗ ನಡುಗುತ್ತಾ ಬರ್ತಾರ. ಸರ್ಕಾರ 2006-07ರಾಗ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋದು ಶುರು ಮಾಡ್ತು. ಆ ಯೋಜನೆಯ ಸೈಕಲ್‌ಗಳು ಅಕ್ಕನಿಂದ ತಮ್ಮಗ, ತಮ್ಮನಿಂದ ಮಗ್ಗಲಮನಿ ಹುಡುಗಗ ಹೋಗಿ ತುಳಿಸ್ಕೊಂಡಾವ. ಹಳೇ ಸೈಕಲ್‌ಗೆ ಇಲ್ಲದ ನಾಚಿಕಿ ಹಳೇ ಸ್ವೆಟರ್‌ಗೆ ಯಾಕ? ಯಾರಾದರೂ ನಕ್ಕರ ಲೇಬಲ್ ತೋರಸ್ರಿ. ನಗೋರ ಪೈಕಿ ನೀವ ಒಬ್ಬರಾಗಿದ್ದರ, ನಾಳೆಯಿಂದ ಬಿಡ್ರಿ.

ನಿಮ್ಮೂರ ಸಂತೆಯಾಗ ಒಳ್ಳೇ ಉಣ್ಣೆ ಸಿಕ್ಕರ ಕಮೆಂಟ್‌ನಾಗ ಊರು, ವಾರ ಹೇಳ್ರಿ. ಮುಂದಿನ ಸರಣಿ: ಸೈಕಲ್ ಚೈನಿಗೆ ಎಣ್ಣಿ.

#ಗೋಕಾಕ #ಮೂಡಲಗಿ #ಹುಕ್ಕೇರಿ #ಸೈಕಲ್ #ಉಣ್ಣೆ