ನಾಮಿನಿಯೇ ತೀರಿಕೊಂಡಿದ್ದರೆ ವಿಮೆ ಹಣ ಯಾರಿಗೆ?



ಕಳೆದ ತಿಂಗಳು ಮಗಳ ಪಾಸ್‌ಪೋರ್ಟ್ ನವೀಕರಣಕ್ಕೆಂದು ರೂವಿಯ ನಮ್ಮ ಮನೆಯಲ್ಲಿ ಹಳೇ ಕಾಗದಪತ್ರಗಳ ಫೈಲು ಬಿಚ್ಚಿಕೊಂಡು ಕೂತಿದ್ದೆ. ನನ್ನ ಮೊದಲ ಜೀವವಿಮಾ ಪಾಲಿಸಿ ಕೈಗೆ ಸಿಕ್ಕಿತು. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ವರ್ಷ, ಮಾರ್ಚ್ ಕೊನೆಯ ವಾರ, ತೆರಿಗೆ ಉಳಿಸಲು ಅವಸರದಲ್ಲಿ ಮಾಡಿಸಿದ್ದು. ಏಜೆಂಟರು ಬೆರಳಿಟ್ಟ ಕಡೆಯೆಲ್ಲ ಸಹಿ ಹಾಕಿದ್ದೆ. ನಾಮಿನಿ ಅನ್ನೋ ಜಾಗದಲ್ಲಿ ಅಮ್ಮನ ಹೆಸರಿತ್ತು. ಅಮ್ಮ 2021ರಲ್ಲೇ ತೀರಿಕೊಂಡರು.

ಇಷ್ಟು ವರ್ಷ ಒಂದು ಕಂತೂ ತಪ್ಪಿಸಿಲ್ಲ. ಮದುವೆಯಾಯಿತು, ಮಗಳು ಹುಟ್ಟಿದಳು, ಮಸ್ಕತ್‌ಗೆ ಬಂದೆ. ಆದರೆ ಆ ಹೆಸರು ಬದಲಿಸಬೇಕು ಅಂತ ಒಮ್ಮೆಯೂ ತೋಚಲಿಲ್ಲ! ನಾಳೆ ನನಗೇನಾದರೂ ಆದರೆ ಹಣ ಯಾರ ಕೈ ಸೇರುತ್ತದೆ? ಇಲ್ಲಿನ ಗೆಳೆಯರನ್ನು ಕೇಳಿದೆ. "ನೇರವಾಗಿ ಹೆಂಡತಿಗೆ ಬರತ್ತೆ ಬಿಡಿ" ಎಂದರು ಒಬ್ಬರು. "ಕಂಪನಿಯವರೇ ನುಂಗಿ ನೀರು ಕುಡೀತಾರೆ" ಎಂದರು ಇನ್ನೊಬ್ಬರು. ಎರಡೂ ತಪ್ಪು.

1938ರ ವಿಮಾ ಕಾಯ್ದೆಯ 39ನೇ ಕಲಂನಲ್ಲಿ ಇದಕ್ಕೆ ಉತ್ತರವಿದೆ. ಪಾಲಿಸಿದಾರನಿಗಿಂತ ಮೊದಲೇ ನಾಮಿನಿ ತೀರಿಕೊಂಡಿದ್ದರೆ, ನಾಮಿನಿಯೇ ಇಲ್ಲವೆಂದು ಲೆಕ್ಕ. ಹಣ ಹೋಗುವುದು ಪಾಲಿಸಿದಾರನ ವಾರಸುದಾರರಿಗೆ, ಇಲ್ಲವೇ ಕೋರ್ಟಿನಿಂದ ವಾರಸಾ ಪ್ರಮಾಣಪತ್ರ (ಸಕ್ಸೆಷನ್ ಸರ್ಟಿಫಿಕೇಟ್) ತಂದವರಿಗೆ. ವಾರಸುದಾರರು ಯಾರು? ಹಿಂದೂಗಳಿಗಾದರೆ 1956ರ ಉತ್ತರಾಧಿಕಾರ ಕಾಯ್ದೆಯಂತೆ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಇವರಲ್ಲಿ ಒಬ್ಬರಿದ್ದರೂ ತಂದೆಗೆ ಪಾಲಿಲ್ಲ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಇಲ್ಲಿರುವ ನಮ್ಮ ಕರಾವಳಿಯ ಮುಸ್ಲಿಂ ಗೆಳೆಯರಿಗೆ ಷರಿಯತ್ತಿನ ಲೆಕ್ಕ, ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ.

ಕಾಗದದ ಮೇಲೆ ಇದು ಸುಲಭ. ಅನುಭವಿಸುವವರಿಗೆ? ಮಸ್ಕತ್‌ನಲ್ಲಿ ಗಂಡ ತೀರಿಕೊಂಡರೆ, ಅವನ ಪ್ರಾಯೋಜಕತ್ವದ ವೀಸಾದ ಮೇಲಿರುವ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರಿಗೆ ಹೊರಡಬೇಕು. ಮರಣ ಪತ್ರ ಅರಬ್ಬಿಯಲ್ಲಿರುತ್ತದೆ. ಅದಕ್ಕೆ ಅನುವಾದ ಬೇಕು, ದೃಢೀಕರಣ ಬೇಕು. ನಾಮಿನಿ ಇಲ್ಲವಾದ್ದರಿಂದ ಅದರ ಮೇಲೆ ವಕೀಲರು, ಕೋರ್ಟು, ಉಳಿದ ವಾರಸುದಾರರ ಒಪ್ಪಿಗೆ. ದುಡ್ಡು ತೀರಾ ಬೇಕಾದ ಹೊತ್ತಿನಲ್ಲಿ ತಿಂಗಳುಗಟ್ಟಲೆ ಅಲೆದಾಟ. ಒಂದು ಹೆಸರು ಬದಲಿಸದ ನಮ್ಮ ಸೋಮಾರಿತನಕ್ಕೆ ಅವರು ತೆರುವ ಬೆಲೆ ಇದು.

ಪಾಲಿಸಿದಾರ ತೀರಿದ ಮೇಲೆ, ಹಣ ಕೈಗೆ ಬರುವ ಮುನ್ನ ನಾಮಿನಿ ತೀರಿಕೊಂಡರೆ? 2015ರ ತಿದ್ದುಪಡಿಯಂತೆ, ಆ ನಾಮಿನಿ ತಂದೆ, ತಾಯಿ, ಸಂಗಾತಿ ಅಥವಾ ಮಕ್ಕಳಾಗಿದ್ದರೆ ಹಣ ನಾಮಿನಿಯ ವಾರಸುದಾರರಿಗೆ ಹೋಗುತ್ತದೆ. ಅಂದರೆ ಯಾರು ಮೊದಲು ತೀರಿಕೊಂಡರು ಅನ್ನುವುದರ ಮೇಲೆ ಹಣದ ದಾರಿಯೇ ಬದಲಾಗುತ್ತದೆ.

ಇಬ್ಬರೂ ಒಟ್ಟಿಗೇ ಹೋದರೆ? ಇದು ಬರೀ ತರ್ಕದ ಪ್ರಶ್ನೆಯಲ್ಲ. 2010ರ ಮೇ 22ರಂದು ದುಬೈನಿಂದ ಮಂಗಳೂರಿಗೆ ಬಂದ ವಿಮಾನ ಬಜ್ಪೆಯಲ್ಲಿ ಕಂದಕಕ್ಕೆ ಬಿದ್ದು 158 ಜನ ಹೋದರು, ಉಳಿದವರು 8 ಮಂದಿ. ಕುಟುಂಬಕ್ಕೆ ಕುಟುಂಬವೇ ಹೋದದ್ದನ್ನು ಕೊಲ್ಲಿಯಲ್ಲಿರುವ ನಾವು ಮರೆಯಲಾದೀತೇ? ಯಾರು ಮೊದಲು ಹೋದರೆಂದು ತಿಳಿಯದಾಗ, ಕಿರಿಯರು ಹಿರಿಯರಿಗಿಂತ ಆಮೇಲೆ ತೀರಿಕೊಂಡರು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 21ನೇ ಕಲಂ ಊಹಿಸಿಕೊಳ್ಳುತ್ತದೆ. ಮಕ್ಕಳಿಲ್ಲದ ದಂಪತಿಯಾದರೆ, ದುಃಖದಲ್ಲಿರುವ ಎರಡೂ ಕಡೆಯ ಹಿರಿಯರು ಕೋರ್ಟಿನಲ್ಲಿ ಎದುರುಬದುರು ನಿಲ್ಲುವ ಪರಿಸ್ಥಿತಿಯೂ ಬರಬಹುದು.

ನಾಮಿನಿ ಬದುಕಿದ್ದರೆ ಎಲ್ಲವೂ ಸಲೀಸು ಅಂದುಕೊಳ್ಳಬೇಡಿ. ನಾಮಿನಿ ಹಣ ಪಡೆಯುವ ಕೈ ಮಾತ್ರ, ಒಡೆಯನಲ್ಲ ಎಂದು ಸುಪ್ರೀಂ ಕೋರ್ಟ್ 1983ರಲ್ಲೇ ಸರಬತಿ ದೇವಿ ಪ್ರಕರಣದಲ್ಲಿ ಹೇಳಿತ್ತು. 2015ರ ತಿದ್ದುಪಡಿ ಇದನ್ನು ಬದಲಿಸಿತು ಅಂದುಕೊಂಡವರಿದ್ದರು. ಆದರೆ 2025ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಬಂದ ಮೊಕದ್ದಮೆ ನೋಡಿ. ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿದ್ದ ಮಗ, ಮದುವೆಯಾಗಿ ಮಗುವಾದ ಮೇಲೂ ಹೆಸರು ಬದಲಿಸದೇ ತೀರಿಕೊಂಡಿದ್ದ. ಅತ್ತೆ ಸೊಸೆ ನ್ಯಾಯಾಲಯದ ಮೆಟ್ಟಿಲೇರಿದರು. ನಾಮನಿರ್ದೇಶನ ಉತ್ತರಾಧಿಕಾರ ಕಾನೂನನ್ನು ಮೀರಲಾರದು, ತಾಯಿ, ಹೆಂಡತಿ, ಮಗು ಮೂವರಿಗೂ ಮೂರನೇ ಒಂದು ಪಾಲು ಎಂದಿತು ಪೀಠ. ತೀರ್ಪು ನ್ಯಾಯವಾಗಿಯೇ ಇದೆ. ಆದರೆ ಅಲ್ಲಿಗೆ ತಲುಪುವಷ್ಟರಲ್ಲಿ ಆ ಮನೆಯವರು ಪಟ್ಟ ಪಾಡು? ಆ ಮಗನ ಪಾಲಿಸಿ ಥೇಟ್ ನನ್ನದರಂತೆಯೇ ಇತ್ತು!

ಹಾಗಾದರೆ ಏನು ಮಾಡೋಣ? ಮೊದಲು ಪಾಲಿಸಿ ತೆಗೆದು ಹೆಸರು ನೋಡೋಣ. ಬದಲಿಸಬೇಕಿದ್ದರೆ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ ದಾಖಲು ಮಾಡಿಸೋಣ. ಮನಸ್ಸಿನಲ್ಲಿ ಬದಲಿಸಿಕೊಂಡರೆ ಸಾಲದು. ಒಬ್ಬರ ಬದಲು ಇಬ್ಬರ ಹೆಸರಿರಲಿ, ಒಬ್ಬರು ಹೋದರೂ ಉಳಿದವರಿಗೆ ಸಲ್ಲುತ್ತದೆ. ನಾಮಿನಿ ಚಿಕ್ಕ ಮಗುವಾದರೆ ಹಣ ಪಡೆಯಲು ಹಿರಿಯರೊಬ್ಬರನ್ನೂ ಹೆಸರಿಸಿ. ಯಾರಿಗೆ ಎಷ್ಟು ಸೇರಬೇಕು ಎಂಬುದನ್ನು ಉಯಿಲಿನಲ್ಲಿ ಬರೆಯಿರಿ. ಇಲ್ಲಿನ ಕಂಪನಿ ಮಾಡಿಸಿದ ಗುಂಪು ವಿಮೆಗೆ ಭಾರತದ ಕಾಯ್ದೆ ಅನ್ವಯಿಸದು. ಆ ಪಾಲಿಸಿಯ ಕರಾರು ಏನು, ಕೆಲಸಕ್ಕೆ ಸೇರಿದ ದಿನ ಎಚ್‌ಆರ್ ಫಾರಂನಲ್ಲಿ ಯಾರ ಹೆಸರು ಬರೆದಿರಿ ಎಂದು ಬೇರೆಯಾಗಿಯೇ ವಿಚಾರಿಸಿ.

ಕೊನೆಯದಾಗಿ, ಪಾಲಿಸಿ ಇದೆಯೆಂದು ಮನೆಯವರಿಗೆ ಗೊತ್ತಿರಲಿ. ಭಾರತದಲ್ಲಿ ಹತ್ತು ವರ್ಷ ಯಾರೂ ಕೇಳದ ವಿಮೆ ಹಣ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ನಮ್ಮ ಪಾಲಿಸಿಗಳೆಲ್ಲ ಇಂಗ್ಲಿಷಿನಲ್ಲಿವೆ. ಊರಲ್ಲಿರುವ ಅಪ್ಪನಿಗೋ ಅತ್ತೆಗೋ ಅದನ್ನು ಓದಿ ಹೇಳುವವರು ಯಾರು? ಪಾಲಿಸಿ ನಂಬರು, ಮೊತ್ತ, ಕಚೇರಿ, ನಾಮಿನಿ ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಮನೆಯಲ್ಲಿಡಿ. ನಾನು ಬರೆದಿಟ್ಟೆ. ಅಮ್ಮನ ಹೆಸರಿದ್ದ ಜಾಗದಲ್ಲಿ ಹೆಂಡತಿ, ಮಗಳ ಹೆಸರು ಬರೆಯುವಾಗ ಕೈ ಒಂದು ಗಳಿಗೆ ತಡೆಯಿತು. ಆದರೆ ಅಮ್ಮ ಇದ್ದಿದ್ದರೆ "ಇಷ್ಟು ದಿನ ಏನು ಮಾಡ್ತಿದ್ದೆ?" ಅಂತ ಮೊದಲು ಬೈಯುತ್ತಿದ್ದುದೇ ಅವರು.

ಈ ಶುಕ್ರವಾರ ರಜೆಯಲ್ಲಿ ನಿಮ್ಮ ಫೈಲನ್ನೂ ಒಮ್ಮೆ ತೆಗೆದು ನೋಡಿ.