ಕಾಯುವ ಹೊತ್ತಿನ ಲೆಕ್ಕ

ಗುಮಾಸ್ತರಾದ ನಮಗೆ ಸರ್ವರಿನ ವಿಚಾರ ಬರೆಯುವ ಅಧಿಕಾರ ಎಲ್ಲಿಂದ ಬಂತೆಂದು ವಾಚಕರು ಕೇಳಬಹುದು. ಬಂದದ್ದು ಬೈಗುಳದಿಂದ. ನಿವೃತ್ತರ ಪೆನ್ಶನ್ ಲೆಕ್ಕ ತೆಗೆದು ತೋರಿಸುವ ತಂತ್ರಾಂಶವೊಂದು ನಮ್ಮ ಕಚೇರಿಯಲ್ಲಿದೆ. ಬರೆದದ್ದು ಪೈಥಾನ್ ಭಾಷೆಯಲ್ಲಿ. ಒಬ್ಬೊಬ್ಬರ ಲೆಕ್ಕಕ್ಕೂ ಅದು ಒಂದು ನಿಮಿಷ ಹಿಡಿಯುತ್ತಿತ್ತು. ಎಪ್ಪತ್ತು ದಾಟಿದ ಅರವತ್ತು ಮಂದಿ ಬಿಸಿಲಿನಲ್ಲಿ ಸಾಲುಗಟ್ಟಿದ್ದರೆ, ಬೈಗುಳ ಕಿಟಕಿಯಲ್ಲಿ ಕುಳಿತವನಿಗಲ್ಲದೆ ಮತ್ತಾರಿಗೆ?

ಎಲ್ಲರಿಗೂ ಒಂದೊಂದು ಊಹೆ. ಯಂತ್ರ ಸಣ್ಣದಾಯಿತೆಂದರು ಸಾಹೇಬರು. ಪೈಥಾನೇ ಆಮೆಯೆಂದರು ಮತ್ತೊಬ್ಬರು. ಬರೆದುಕೊಟ್ಟ ಕಂಪನಿಯವರೋ, ನಮ್ಮಲ್ಲಿ ಚೆನ್ನಾಗಿಯೇ ಓಡುತ್ತದಲ್ಲ ಎಂದರು. ದೊಡ್ಡ ಯಂತ್ರ ಕೊಳ್ಳಬೇಕೆಂದು ನಾವೇ ಮೂರು ಪುಟದ ಟಿಪ್ಪಣಿ ಬರೆದು ಮೇಲಕ್ಕೆ ಕಳುಹಿದೆವು. ಅದರಲ್ಲಿ ಅಳೆದ ಅಂಕಿ ಒಂದೂ ಇರಲಿಲ್ಲ!

ಕೊನೆಗೆ ಕಂಪನಿಯಿಂದ ಬಂದವನು ಧಾರವಾಡದ ಕಡೆಯ ಹುಡುಗ. (ಪುಣೆಯಲ್ಲಿ ಆ ಮಾತು ಕಿವಿಗೆ ಬಿದ್ದ ಮೇಲೆ ಚಹಾ ತರಿಸದೆ ಇರುವುದುಂಟೇ?) "ಊಹಾ ಬ್ಯಾಡ್ರಿ ಸರ, ಮೊದ್ಲ ಅಳದು ನೋಡೂಣು" ಎಂದ. ಅವನು ಹಚ್ಚಿದ್ದು ಪೈ-ಸ್ಪೈ ಎಂಬ ಸಾಧನ. ಓಡುತ್ತಿರುವ ಸರ್ವರನ್ನು ನಿಲ್ಲಿಸದೆ, ಸೆಕೆಂಡಿಗೆ 100 ಸಲ ಬಾಗಿಲಲ್ಲಿ ಇಣುಕಿ, ಈಗ ಯಾವ ಕೆಲಸ ನಡೆದಿದೆಯೆಂದು ಗುರುತು ಹಾಕಿಕೊಳ್ಳುತ್ತದೆ. ಮೊದಲು ಹೆಚ್ಚೇನೂ ಕಾಣಲಿಲ್ಲ. ಸುಮ್ಮನೆ ಕುಳಿತವರನ್ನು ಅದು ತಾನಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ. ಅವರನ್ನೂ ಸೇರಿಸೆಂದ ಮೇಲೆ ಗುಟ್ಟು ಹೊರಬಿತ್ತು. ತಂತ್ರಾಂಶ ದುಡಿಯುತ್ತಲೇ ಇರಲಿಲ್ಲ, ಕಾಯುತ್ತಿತ್ತು!

ಯಾರಿಗಾಗಿ, ಎಷ್ಟು ಸಲ? ಅದಕ್ಕೆ ಸಿ-ಪ್ರೊಫೈಲ್ ಬೇಕು. ಇದು 2006ರಲ್ಲಿ ಬಂದ 2.5ನೆಯ ಆವೃತ್ತಿಯಿಂದ ಪೈಥಾನಿನ ಜೊತೆಯಲ್ಲೇ ಇದೆ. ಪ್ರತಿಯೊಂದು ಕರೆಯನ್ನೂ ಬರೆದುಕೊಳ್ಳುವುದರಿಂದ ಕೆಲಸವನ್ನೇ ನಿಧಾನಮಾಡುತ್ತದೆ; ಆದ್ದರಿಂದ ಜನರೆಲ್ಲ ಹೋದ ಮೇಲೆ ಸಂಜೆ ಹಚ್ಚಿದ. ಯಾವ ಫಂಕ್ಷನ್ನನ್ನು ಎಷ್ಟು ಸಲ ಕರೆದದ್ದು, ಅದು ತಾನೇ ತೆಗೆದುಕೊಂಡ ಹೊತ್ತೆಷ್ಟು, ಅದು ಕರೆದವುಗಳದೂ ಸೇರಿದರೆ ಎಷ್ಟು ಎಂದು ಪಟ್ಟಿ ಬಂತು. ಒಟ್ಟು ಹೊತ್ತು ಬೆಟ್ಟದಷ್ಟು, ಸ್ವಂತದ್ದು ಸೊನ್ನೆ ಎಂಬ ಹೆಸರುಗಳನ್ನು ಕಂಡು ನಮಗೆ ಕೆಲವು ಪರಿಚಿತ ಮುಖಗಳು ನೆನಪಾದವು, ಅದಿರಲಿ.

ಪಟ್ಟಿಯ ಒಂದು ಸಾಲಿನಲ್ಲಿ 720 ಎಂದಿತ್ತು. 20 ವರ್ಷದ ಲೆಕ್ಕವೆಂದರೆ 240 ತಿಂಗಳು. ತಿಂಗಳಿಗೆ ಮೂಲ ಪೆನ್ಶನ್, ತುಟ್ಟಿಭತ್ಯೆ, ಕಡಿತ ಎಂದು 3 ಪ್ರಶ್ನೆ. ಅಷ್ಟೂ ಸಲ ಬೇರೆ ಊರಿನಲ್ಲಿರುವ ಡೇಟಾಬೇಸಿಗೆ ಹೋಗಿ ಬರಬೇಕು. ಒಂದು ಸಲಕ್ಕೆ ಸೆಕೆಂಡಿನ 12ನೆಯ ಒಂದು ಪಾಲು. ಒಗ್ಗರಣೆಯ ಸಾಸಿವೆಯನ್ನು ಒಂದೊಂದೇ ಕಾಳು ಅಂಗಡಿಯಿಂದ ತಂದಂತೆ! ಕಂಪನಿಯಲ್ಲಿ ಡೇಟಾಬೇಸ್ ಅದೇ ಯಂತ್ರದಲ್ಲಿದ್ದುದರಿಂದ ಅಲ್ಲಿ ಈ ಓಡಾಟ ಕಣ್ಣಿಗೆ ಬಿದ್ದಿರಲಿಲ್ಲ. ನಮ್ಮ ದೊಡ್ಡ ಯಂತ್ರ ಬಂದಿದ್ದರೆ ಅದೂ ಹೀಗೆಯೇ ಕಾಯುತ್ತ ಕುಳಿತಿರುತ್ತಿತ್ತು.

ಎಲ್ಲವನ್ನೂ ಒಂದೇ ಪ್ರಶ್ನೆಯಲ್ಲಿ ತರಿಸುವಂತೆ ಹುಡುಗ ತಿದ್ದಿದ, ಮತ್ತೊಮ್ಮೆ ಅಳೆದ, ಒಂದು ಸೆಕೆಂಡೂ ಹಿಡಿಯಲಿಲ್ಲ. ಆ ಮೂರು ಪುಟವನ್ನು ಹಿಂದಕ್ಕೆ ಪಡೆಯಲು ನಾವು ಇನ್ನೊಂದು ಪುಟ ಬರೆಯಬೇಕಾಯಿತು. ಮುಂದಿನ 1ನೆಯ ತಾರೀಖು ಸಾಲಿನ ಮೊದಲಿಗರಾಗಿ ಬಂದ ಅಜ್ಜನವರು ಜೇಬಿನಿಂದ ಕನ್ನಡಕ ತೆಗೆಯುವುದರೊಳಗೆ ಅವರ ಲೆಕ್ಕ ತೆರೆದುಕೊಂಡಿತ್ತು.