ಚರ್ಚಿನ ಬಾಗಿಲೂ ಊರವರ ಹಕ್ಕೂ

ಇಂಗ್ಲೆಂಡಿನ ಅನೇಕ ಚರ್ಚುಗಳ ಮುಂದೆ ಇಂದು ಸರ್ವರಿಗೂ ಸ್ವಾಗತವೆಂಬ ಫಲಕವು ತೂಗುತ್ತಿರುವುದುಂಟು. ಒಳಗೆ ಮಕ್ಕಳಿಗೆ ಆಟದ ಮೂಲೆ, ಪ್ರಾರ್ಥನೆಯಾದ ಮೇಲೆ ತಾಯಿತಂದೆಗಳಿಗೆ ಚಹ, ವಾರದ ನಡುವೆ ಹಸಿದವರಿಗೆ ಆಹಾರದ ಪೊಟ್ಟಣ. ಇವೆಲ್ಲವೂ ಶ್ಲಾಘ್ಯವೇ. ಆದರೆ ಈ ಆದರವನ್ನು ಚರ್ಚಿನ ಔದಾರ್ಯವೆಂದು ಹೊಗಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಆಂಗ್ಲಿಕನ್ ಪ್ಯಾರಿಷ್ ಚರ್ಚು ತನ್ನ ಊರವರಿಗೆ ಬಾಗಿಲು ತೆರೆಯುವುದು ದಾನವಲ್ಲ, ಋಣ.

ಪ್ಯಾರಿಷ್ ಎಂಬುದು ಭಕ್ತರ ಕೂಟದ ಹೆಸರಲ್ಲ. ಗಡಿಯುಳ್ಳ ಒಂದು ಸೀಮೆಯ ಹೆಸರು. ಅದರೊಳಗೆ ವಾಸಿಸುವವನು ಭಾನುವಾರ ಚರ್ಚಿನ ಹೊಸ್ತಿಲನ್ನು ತುಳಿಯದವನಾದರೂ ಅಲ್ಲಿ ವಿವಾಹವಾಗುವ ಹಕ್ಕು ಅವನಿಗೆ ಸಾಮಾನ್ಯವಾಗಿ ಉಂಟು. ಸೀಮೆಯ ಶಿಶುವಿನ ದೀಕ್ಷಾಸ್ನಾನವನ್ನು ಪಾದ್ರಿಯು ಸಿದ್ಧತೆಗಾಗಿ ಮುಂದೂಡಬಹುದೇ ಹೊರತು ನಿರಾಕರಿಸುವಂತಿಲ್ಲ. ಇನ್ನೂ ಸೋಜಿಗವಾದುದು ಚರ್ಚ್ ವಾರ್ಡನ್ನರ ಚುನಾವಣೆ. ನಮ್ಮ ದೇವಾಲಯಗಳ ಧರ್ಮದರ್ಶಿಗಳಿಗೆ ಹೋಲಿಸಬಹುದಾದ ಇವರನ್ನು ಆರಿಸುವ ವಾರ್ಷಿಕ ಸಭೆಯಲ್ಲಿ, ಸೀಮೆಯ ನಿವಾಸಿಯಾಗಿ ಸ್ಥಳೀಯ ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಯಾರೇ ಆಗಲಿ ಮತ ಕೊಡಬಹುದು. ಅವರ ಧರ್ಮವಾವುದೆಂದು ಕೇಳುವ ಹಾಗಿಲ್ಲ. ಲಂಡನ್ನಿನಲ್ಲಿ ನೆಲಸಿರುವ ಕನ್ನಡಿಗರು, ಭಾರತದ ಪೌರತ್ವವನ್ನು ಬಿಡದಿದ್ದರೂ, ಕಾಮನ್‌ವೆಲ್ತ್ ಪ್ರಜೆಗಳಾದ ಕಾರಣ ಆ ಪಟ್ಟಿಗೆ ಸೇರಲು ಅರ್ಹರು. ಅವರಲ್ಲಿ ಎಷ್ಟು ಮಂದಿ ಇದನ್ನು ಬಲ್ಲರೋ!

ಕಾಯಿದೆ ಇಷ್ಟು ವಿಶಾಲವಾಗಿದ್ದರೂ ಬಾಗಿಲು ಯಾವಾಗಲೂ ಅಷ್ಟು ವಿಶಾಲವಾಗಿರಲಿಲ್ಲ. 19ನೆಯ ಶತಮಾನದಲ್ಲಿ ಅನೇಕ ಚರ್ಚುಗಳು ಆಸನಗಳನ್ನು ಬಾಡಿಗೆಗೆ ಕೊಡುತ್ತಿದ್ದುವು. ಹಣವುಳ್ಳವನಿಗೆ ಒಳ್ಳೆಯ ಸ್ಥಳ, ಬಡವನಿಗೆ ಉಳಿದ ಬೆಂಚು. ಆ ಪದ್ಧತಿ ಅಳಿಯಿತು. ಅದಕ್ಕಿಂತ ಹೇಯವಾದುದು ಮುಂದೆ ಕಾಣಬಂದಿತು. 1948ರ ಜೂನಿನಲ್ಲಿ ಎಂಪೈರ್ ವಿಂಡ್‌ರಷ್ ಹಡಗು ಟಿಲ್ಬರಿಗೆ ಬಂದಂದಿನಿಂದ ವೆಸ್ಟ್ ಇಂಡೀಸಿನ ಜನರು ದುಡಿಮೆಗಾಗಿ ಹೆಚ್ಚು ಹೆಚ್ಚಾಗಿ ಬ್ರಿಟನ್ನಿಗೆ ಬಂದರು. ಅವರಲ್ಲಿ ಎಷ್ಟೋ ಜನ ಹುಟ್ಟು ಆಂಗ್ಲಿಕನ್ನರು. ಅದೇ ಪ್ರಾರ್ಥನೆಗಳನ್ನು ಬಾಲ್ಯದಿಂದ ಹೇಳಿಕೊಂಡು ಬಂದವರು. ಹೀಗಿದ್ದೂ ಅವರನ್ನು ತಮ್ಮವರೆಂದು ಬಗೆಯಲು ಹಲವು ಚರ್ಚುಗಳು ಒಪ್ಪಲಿಲ್ಲ. 1961ರಲ್ಲಿ ದಕ್ಷಿಣ ಲಂಡನ್ನಿನ ವಾಲ್ವರ್ತಿನ ಸೇಂಟ್ ಪೀಟರ್ಸ್ ಚರ್ಚಿಗೆ ಬಂದ ಒಂದು ಕುಟುಂಬವನ್ನು ಚರ್ಮದ ಬಣ್ಣದ ಕಾರಣಕ್ಕಾಗಿ ಒಳಗೆ ಬಿಡಲಿಲ್ಲ. ಹೀಗೆ ದೂರವಾದವರಲ್ಲಿ ಅನೇಕರು ತಮ್ಮವೇ ಆದ ಪ್ರಾರ್ಥನಾ ಸಭೆಗಳನ್ನು ಕಟ್ಟಿಕೊಂಡರು.

ಈ ವಿಷಯದಲ್ಲಿ ನಾವು ಎತ್ತರದ ಪೀಠದಿಂದ ಮಾತನಾಡುವ ಹಾಗಿಲ್ಲವೆಂಬುದು ನಿಜ. ತಿರುವಾಂಕೂರಿನ ದೇವಾಲಯಗಳು ಅಸ್ಪೃಶ್ಯರೆನಿಸಿದವರಿಗೆ ತೆರೆದುದು 1936ರಲ್ಲಿ, ಅದೂ ಅರಸರ ಘೋಷಣೆಯಿಂದ. ಕಾಯಿದೆಯು ತೆರೆದ ಬಾಗಿಲನ್ನು ಊರು ಮುಚ್ಚಿದ ಸುದ್ದಿ ನಮ್ಮ ವಾಚಕರಿಗೂ ಅಪರಿಚಿತವಲ್ಲ.

2020ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಚರ್ಚಿನ ಮಹಾಸಭೆಯು ಈ ವರ್ಣದ್ವೇಷಕ್ಕಾಗಿ ಕ್ಷಮೆ ಯಾಚಿಸಿತು. ನಿರ್ಣಯವನ್ನು ಮಂಡಿಸಿದವರು ವಾಲ್ವರ್ತಿನ ಅದೇ ಚರ್ಚಿನ ಪಾದ್ರಿಗಳು. ತಮ್ಮ ಸಂಸ್ಥೆಯಲ್ಲಿ ವರ್ಣದ್ವೇಷವು ಇನ್ನೂ ಆಳವಾಗಿ ಬೇರೂರಿದೆಯೆಂದು ಅಂದಿನ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿಯವರು ಅದೇ ಸಭೆಯಲ್ಲಿ ಒಪ್ಪಿಕೊಂಡರು. ಧೈರ್ಯದ ಮಾತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಹಾಸಭೆಯು ಕ್ಷಮೆ ಕೇಳಬಲ್ಲುದು. ಬಂದವರಿಗೆ ಅಧಿಕಾರದಲ್ಲಿ ಪಾಲು ಕೊಡಬೇಕಾದವರು ಆಯಾ ಊರಿನವರು. ಹೊಸ ಕುಟುಂಬಕ್ಕೆ ಚಹ ಕೊಟ್ಟು ಕಳುಹಿಸುವುದು ಸುಲಭ. ಅವರನ್ನು ಪ್ಯಾರಿಷ್ ಪರಿಷತ್ತಿಗೆ ಆರಿಸಿ, ಹುಂಡಿಯ ಲೆಕ್ಕವನ್ನೂ ಸೋರುವ ಮಾಡಿನ ಚಿಂತೆಯನ್ನೂ ಅವರೊಡನೆ ಹಂಚಿಕೊಳ್ಳುವುದು ಕಷ್ಟ. ಅತಿಥಿಯು ಮನೆಯವನಾಗುವುದು ಅಲ್ಲಿಯೇ.

ವಾರ್ಡನ್ನರನ್ನು ಆರಿಸುವ ಸಭೆಯ ನೋಟೀಸನ್ನು ಚರ್ಚಿನ ಬಾಗಿಲಿಗೆ, ಇಲ್ಲವೇ ಅದರ ಸಮೀಪದಲ್ಲಿ, ಅಂಟಿಸಬೇಕೆಂದು ನಿಯಮವಿದೆ. ಬಾಗಿಲವರೆಗೆ ಎಂದೂ ಬಾರದವರು ಅದನ್ನು ಓದುವುದೆಂತು? ಸ್ವಾಗತದ ಫಲಕಕ್ಕೆ ಬಣ್ಣ ಬಳಿಯುವ ಚರ್ಚುಗಳು ಮುಂದಿನ ವರ್ಷ ಆ ನೋಟೀಸನ್ನು ಸೀಮೆಯ ಮನೆಮನೆಗೂ, ಅಲ್ಲಿಯ ಜನರು ಓದಬಲ್ಲ ಭಾಷೆಗಳಲ್ಲಿ, ಮುಟ್ಟಿಸಲಿ.